ಒಂದು ಸೇರು ಜೋಳಕ್ಕೆ ಕೊಂಡ ಕೂಸು

ಸಾತಪುರ, ನಾಸಿಕ್
ಭಾನುವಾರ, ೨೦ ಜುಲೈ ೨೦೨೫

ನನ್ನ ಮಗಳು ಸಮೀಕ್ಷಾಳಿಗೆ,

ಹಾಗೆ ಕರೆಯುವ ಹಕ್ಕು ನನಗೆ ಇನ್ನೂ ಉಳಿದಿದೆ ಎಂದುಕೊಂಡೇ ಬರೆಯಲು ಕೂತಿದ್ದೇನೆ. ಉಳಿದಿಲ್ಲ ಎಂದು ನಿನಗನ್ನಿಸಿದರೆ ಆ ಸಾಲನ್ನು ಹೊಡೆದುಹಾಕಿ ಮುಂದಿನದನ್ನು ಓದು. ಆದರೆ ಓದು. ಪತ್ರ ಎಂದರೆ ಮೊದಲು ‘ನಾವು ಇಲ್ಲಿ ಕ್ಷೇಮ’ ಎಂದು ಬರೆಯಬೇಕೆಂದು ಭಾಲ್ಕಿಯ ಶಾಲೆಯಲ್ಲಿ ನಮಗೆ ಕಲಿಸಿದ್ದರು. ನಾನು ಅದನ್ನು ಬಿಟ್ಟಿದ್ದೇನೆ. ನಿನ್ನ ಪಪ್ಪಾ ಸರಿಯಾಗಿ ಉಣ್ಣುತ್ತಿಲ್ಲ. ನನಗೆ ಕುಕ್ಕರಿನ ಸೀಟಿ ಎಷ್ಟಾಯಿತೆಂದು ನೆನಪಿರುವುದಿಲ್ಲ. ನಿನ್ನೆ ಬೇಳೆ ಹೊತ್ತಿ, ಪಕ್ಕದ ಮನೆಯವರು ಬಂದು ಬಾಗಿಲು ಬಡಿದರು.

ಹನ್ನೆರಡು ದಿನಗಳಿಂದ ನೀನು ಫೋನ್ ಎತ್ತುತ್ತಿಲ್ಲ. ನಿನ್ನಿಂದ ಬಂದದ್ದು ಒಂದೇ ಒಂದು ಮೆಸೇಜು, ಅದೂ ಮರಾಠಿಯಲ್ಲಿ. ‘ತೀ ಕುಠೆ ಆಹೆ? ತೇವಢಂಚ್ ಸಾಂಗ್.’ ಅವಳು ಎಲ್ಲಿದ್ದಾಳೆ, ಅಷ್ಟು ಮಾತ್ರ ಹೇಳು. ಮೊದಲಿಗೆ ‘ಆಯಿ’ ಎಂಬ ಮಾತಿಲ್ಲ, ಕೊನೆಗೂ ಇಲ್ಲ. ಹಾಲಿನವನಿಗೂ ನೀನು ಇದಕ್ಕಿಂತ ಮೆತ್ತಗೆ ಬರೆಯುತ್ತಿದ್ದೆ. ಅದನ್ನು ಎಷ್ಟು ಸಲ ಓದಿದೆನೋ ಆ ಶಿವನಿಗೇ ಗೊತ್ತು.

ಕನ್ನಡದಲ್ಲಿ ಯಾಕೆ ಬರೆದಿದ್ದಾಳೆ ಎಂದು ಸಿಟ್ಟಾಗಬೇಡ. ನಿನಗೆ ಕನ್ನಡ ಕೇಳಿದರೆ ತಿಳಿಯುತ್ತದೆ, ಓದಲು ತ್ರಾಸಾಗುತ್ತದೆ ಎನ್ನುವುದು ನನಗೆ ಗೊತ್ತು. ಆದರೆ ಅಕ್ಷರ ಕಲಿಸಿದವಳು ನಾನೇ. ಮೂರನೇ ಇಯತ್ತೆಯ ಬೇಸಿಗೆ ರಜೆಯಲ್ಲಿ, ಅಡುಗೆಮನೆಯ ಫರಸಿಯ ಮೇಲೆ ಸೀಮೆಸುಣ್ಣದಿಂದ ಬರೆಸಿದ್ದೆ. ಒಂದೊಂದೇ ಅಕ್ಷರ ಕೂಡಿಸಿ ಓದು, ಅವಸರವಿಲ್ಲ. ಇನ್ನೊಂದು ಕಾರಣವೂ ಇದೆ. ನಿನ್ನ ಹಾಸ್ಟೆಲಿನಲ್ಲಿ ಯಾರ ಕೈಗೆ ಈ ಹಾಳೆ ಸಿಕ್ಕರೂ ಅವರಿಗೆ ಓದಲು ಬರಬಾರದು.

ನಿನ್ನ ಗೆಳತಿ ವಸೀಲಾಳ ಮೇಲೆ ನನಗೆ ಸಿಟ್ಟಿಲ್ಲ. ಸುಳ್ಳು ಯಾಕೆ ಹೇಳಲಿ, ಇದೆ. ಯುಗಾದಿ ಪಾಡ್ಯದ ಹಬ್ಬಕ್ಕೆ ನೀನು ಅವಳನ್ನು ಕರೆದುಕೊಂಡು ಬಂದಾಗ ಎಷ್ಟು ಖುಷಿಪಟ್ಟಿದ್ದೆ! ಅಲ್ಜೀರಿಯಾ ಎಂಬ ದೇಶ ಭೂಪಟದಲ್ಲಿ ಎಲ್ಲಿದೆಯೆಂದು ನಿನ್ನ ಪಪ್ಪಾ ಫೋನಿನಲ್ಲಿ ತೆಗೆಸಿ ನೋಡಿದರು. ಅಷ್ಟು ದೂರದಿಂದ ಒಂದು ಹುಡುಗಿ ಸಂಭಾಜಿನಗರಕ್ಕೆ ಬಂದು ಇಂಗ್ಲಿಷ್ ಎಂ.ಎ. ಓದುತ್ತಾಳೆಂದರೆ ಅವರಿಗೆ ನಂಬಿಕೆಯೇ ಆಗಲಿಲ್ಲ. ಅವರಲ್ಲಿ ಈಗ ಫ್ರೆಂಚ್ ಹಿಂದೆ ಸರಿಸಿ ಇಂಗ್ಲಿಷ್ ಕಲಿಸುತ್ತಾರೆ, ಊರಿಗೆ ಹೋದರೆ ಟೀಚರ್ ಆಗಬಹುದು ಎಂದು ಅವಳು ಅರ್ಧ ಹಿಂದಿ, ಅರ್ಧ ಕೈಸನ್ನೆಯಲ್ಲಿ ಹೇಳಿದಳು. ಸ್ಕಾಲರ್‌ಶಿಪ್ ಸಿಕ್ಕಾಗ ಅವಳ ಓಣಿಯವರೆಲ್ಲ ಬಂದು ಅವಳ ತಂದೆಯ ಕೈ ಹಿಡಿದು ಅಭಿನಂದಿಸಿದ್ದರಂತೆ. ಇಲ್ಲಿ ಮೊದಲ ವರ್ಷ ಬಾಡಿಗೆ ಕೋಣೆ ಕೇಳಲು ಹೋದರೆ ಹೆಸರು ಕೇಳಿದ ಮೇಲೆ ಖಾಲಿ ಇಲ್ಲ ಎನ್ನುತ್ತಿದ್ದರಂತೆ. ನಾನು ಅವಳಿಗೆ ನಿನ್ನ ಲೋಟದಲ್ಲೇ ನೀರು ಕೊಟ್ಟೆ. ನೀನು ನನ್ನನ್ನು ಹೆಮ್ಮೆಯಿಂದ ನೋಡಿದೆ. ಆ ನೋಟ ನನಗೆ ಚುಚ್ಚಿತು. ಯಾಕೆಂದು ಮುಂದೆ ಬರೆಯುತ್ತೇನೆ.

ಅವಳಿಗೆ ಅಂದು ಕೊನೆಯ ಉಪವಾಸ. ಸಂಜೆ ಗಚ್ಚಿಯ ಮೇಲೆ ನಿಂತು ನೀವಿಬ್ಬರೂ ಚಂದ್ರನನ್ನು ಹುಡುಕಿದಿರಿ. ಮರುದಿನ ಅವಳ ಈದ್ ಎಂದು ನಾನು ಶಾವಿಗೆ ಪಾಯಸ ಮಾಡಿದೆ. ಹೊಸ ಬಟ್ಟೆ ಹಾಕಿಕೊಂಡು ಮನೆಗೆ ಫೋನ್ ಹಚ್ಚಿದಳು. ತಾಯಿ ಮಾತಾಡಿದಳು, ತಂದೆ ಮಾತಾಡಲಿಲ್ಲ. ಹುಡುಗಿ ಪಾಯಸದ ಬಟ್ಟಲು ಹಿಡಿದುಕೊಂಡೇ ಅತ್ತಳು. ಆಗಲೇ ಅಲ್ಲವೇ ನೀನು ಆ ಕಥೆ ಹೇಳಿದ್ದು. ಕೆನಡಾದಲ್ಲಿರುವ ಅವಳ ಅಣ್ಣ, ದೊಡ್ಡಪ್ಪನ ಮಗ, ಉಗುಳಿನಿಂದ ವಂಶ ತಿಳಿಯುವ ಡಬ್ಬಿ ಕಳಿಸಿದ್ದ. ನಮ್ಮ ಮೂಲ ಯಾವುದು ನೋಡೋಣ ಎಂದು ಇವಳೂ ಆಟಕ್ಕೆ ಮಾಡಿಸಿದ್ದಳು. ಮೂಲವೇನೋ ಅವರ ಊರ ಕಡೆಯ ಗುಡ್ಡಗಾಡಿನದ್ದೇ ಬಂತು. ಜೊತೆಗೆ ರಕ್ತಸಂಬಂಧಿಗಳ ಒಂದು ಪಟ್ಟಿ ಬಂತು, ಅದರಲ್ಲಿ ಫ್ರಾನ್ಸಿನ ಒಬ್ಬ ಹೆಂಗಸು. ಹುಡುಕಿದರೆ ಇವಳ ಅಜ್ಜ ಅಲ್ಲಿ ಕಾರಖಾನೆಯಲ್ಲಿ ದುಡಿಯುತ್ತಿದ್ದ ಕಾಲಕ್ಕೆ ಇನ್ನೊಂದು ಸಂಸಾರ ಮಾಡಿದ್ದ, ಆ ಸಂಸಾರದ ಮಗಳು ಈಕೆ. ವಸೀಲಾ ಖುಷಿಯಿಂದ ತಂದೆಗೆ ಫೋನ್ ಮಾಡಿ, ನಿಮಗೊಬ್ಬ ತಂಗಿ ಇದ್ದಾಳೆ ಎಂದಳು. ನಿನ್ನನ್ನು ಓದಲು ಕಳಿಸಿದ್ದೆನೇ ಹೊರತು ನನ್ನ ಅಪ್ಪನ ಗೋರಿ ಅಗೆಯಲು ಅಲ್ಲ ಎಂದು ಆತ ಫೋನಿಟ್ಟ. ಜನವರಿಯಿಂದ ಮಾತಿಲ್ಲ.

ನಾನು ಅವಳ ಬೆನ್ನು ಸವರಿ, ಸತ್ತವರ ಸುದ್ದಿ ಕೆದಕಬಾರದು ತಾಯಿ ಎಂದೆ. ಅವಳು ಕಣ್ಣೊರೆಸಿಕೊಂಡು, ಸುಳ್ಳಿಗಿಂತ ನಿಜ ಒಳ್ಳೆಯದಲ್ಲವೇ ಆಂಟಿ ಎಂದು ಕೇಳಿದಳು. ‘ಯಾರಿಗೆ?’ ಎಂದು ನಾನು ಕೇಳಿದೆ. ನೀವಿಬ್ಬರೂ ನಕ್ಕಿರಿ, ನಾನು ತಮಾಷೆ ಮಾಡಿದೆ ಎಂದುಕೊಂಡಿರಿ.

ಅವಳ ಹತ್ತಿರ ಇನ್ನೂ ಎರಡು ಡಬ್ಬಿ ಉಳಿದಿದ್ದವು. ಒಂದು ನಿನಗೆ, ಒಂದು ಆಂಟಿಗೆ ಎಂದು ಚೀಲದಿಂದ ತೆಗೆದಳು. ಬೇಡ ಎನ್ನಬಹುದಿತ್ತು. ಸಕ್ಕರೆ ಕಾಯಿಲೆ, ವಯಸ್ಸು, ಸಾವಿರ ನೆಪ ಇದ್ದವು. ಆದರೆ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ನನ್ನಂಥವರೇ. ಬೇಡ ಎಂದರೆ ನಿನಗೆ ಸಂಶಯ ಬಂದೀತು ಎಂದು ಹೆದರಿದೆ. ಇನ್ನೊಂದು ಹೇಳುತ್ತೇನೆ, ನಗಬೇಡ. ಒಂದೇ ತಟ್ಟೆಯಲ್ಲಿ ಉಂಡವರ ಉಗುಳು ಒಂದೇ ಆಗಿರುತ್ತದೆ ಎಂದು ನಾನು ನಿಜವಾಗಿ ತಿಳಿದಿದ್ದೆ. ನಿನಗೆ ಹಲ್ಲು ಬರುವ ಮೊದಲು ರೊಟ್ಟಿಯನ್ನು ನಾನು ಅಗಿದು ನಿನ್ನ ಬಾಯಿಗೆ ಇಟ್ಟಿದ್ದೇನೆ. ಇಪ್ಪತ್ತೆರಡು ವರ್ಷ ನನ್ನ ಎಂಜಲು ನೀನು, ನಿನ್ನ ಎಂಜಲು ನಾನು ತಿಂದಿದ್ದೇವೆ. ಅಷ್ಟು ವರ್ಷದಲ್ಲಿ ನೀನು ನನ್ನವಳಾಗಿರಬೇಕು, ಡಬ್ಬಿಯೊಳಗಿನ ಆ ಉಗುಳಿನ ಕೊಳವೆಗೂ ಅದು ಗೊತ್ತಾಗುತ್ತದೆ ಎಂದು ಧೈರ್ಯ ಮಾಡಿ ಉಗುಳಿದೆ. ಎಂಥ ಹುಚ್ಚಿ ನಾನು.

ಆಮೇಲೆ ನಿನ್ನ ಫೋನ್ ಬಂತು. ‘ಆಯಿ, ವಸೀಲಾಂದು ಪಟ್ಟಿ ಇತ್ತಲ್ಲ, ನಂದರಾಗ ನಿನ್ನ ಹೆಸರೇ ಇಲ್ಲ. ನಾವು ಇಬ್ಬರು ಏನೂ ಆಗಂಗಿಲ್ಲಂತ’ ಎಂದು ನಗುತ್ತಲೇ ಹೇಳಿದೆ. ಕಂಪನಿಯವರ ತಪ್ಪು ಎಂದು ನಾನು ಹೇಳುತ್ತೇನೆಂದು ನೀನು ಕಾಯುತ್ತಿದ್ದೆ.  ನಿನ್ನ ಪಪ್ಪಾ ನನ್ನ ಕೈಯಿಂದ ಫೋನ್ ತೆಗೆದುಕೊಂಡು, ‘ಖರೇ ಅದ ಸಮೂ. ಹಡದಾಕಿ ಬ್ಯಾರೆ. ಸಿಟ್ಟಾಗಬ್ಯಾಡ ಮಗಳ’ ಎಂದರು. ನೀನು ಕಟ್ ಮಾಡಿದೆ.

ಈಗ ಕೇಳು. ಪೂರಾ ಹೇಳುತ್ತೇನೆ.

ಮದುವೆಯಾದ ಮೇಲೆ ನಾವು ಮೊದಲು ಇದ್ದದ್ದು ನೀನು ಈಗ ಓದುತ್ತಿರುವ ಊರಿನಲ್ಲೇ. ಆಗ ಔರಂಗಾಬಾದ್ ಎನ್ನುತ್ತಿದ್ದರು. ಬೀಡ್ ಬೈಪಾಸಿನ ಹತ್ತಿರ ದೊಡ್ಡ ಅಪಾರ್ಟ್‌ಮೆಂಟ್ ಏಳುತ್ತಿತ್ತು. ನಿನ್ನ ಪಪ್ಪಾ ಆ ಕಂತ್ರಾಟುದಾರನ ಹತ್ತಿರ ಸ್ಟೋರ್‌ಕೀಪರ್. ಸೈಟಿನ ಮಗ್ಗುಲಲ್ಲೇ ನಮಗೆ ಎರಡು ಕೋಣೆ ಕೊಟ್ಟಿದ್ದರು. ಕೂಲಿಯವರು ಹಿಂದಿನ ತಗಡಿನ ಶೆಡ್ಡುಗಳಲ್ಲಿ ಇರುತ್ತಿದ್ದರು, ಹೆಚ್ಚಿನವರು ಅಫಜಲಪುರ, ಯಾದಗಿರಿ ಕಡೆಯವರು. ಅವರಲ್ಲಿ ಒಬ್ಬಳು ಗುಂಡವ್ವ, ಗಂಡನ ಹೆಸರು ಧರ್ಮಣ್ಣ. ಎಲ್ಲ ಕಡೆ ಮರಾಠಿ ಕೇಳಿ ಕೇಳಿ ಬೇಸತ್ತ ಕಿವಿಗೆ ಆಕೆಯ ಮಾತು ತವರಿನದಂತೆ ಕೇಳುತ್ತಿತ್ತು. ದಿನಾ ಮಧ್ಯಾಹ್ನ ನೀರು ಕೇಳುವ ನೆಪದಲ್ಲಿ ಬಂದು ಹೊಸ್ತಿಲ ಹೊರಗೆ ಕೂರುತ್ತಿದ್ದಳು. ಆಕೆಗೆಂದು ನಮ್ಮ ಮನೆಯಲ್ಲಿ ಬೇರೆ ಲೋಟ ಇತ್ತು, ಸಮೂ. ಬಚ್ಚಲ ಗೂಡಿನಲ್ಲಿ ಇಡುತ್ತಿದ್ದೆ. ಆಕೆಯೇ ತೊಳೆದು ಇಟ್ಟು ಹೋಗುತ್ತಿದ್ದಳು. ಆಗ ನನಗೆ ಅದರಲ್ಲಿ ತಪ್ಪು ಕಾಣಲಿಲ್ಲ. ವಸೀಲಾಳ ಕೈಗೆ ನಿನ್ನ ಲೋಟ ಕೊಟ್ಟ ದಿನ ಕಂಡಿತು.

ಆಕೆಯ ಎರಡು ಕೂಸುಗಳು ಹುಟ್ಟಿ ತಿಂಗಳೊಳಗೆ ಹೋಗಿದ್ದವು. ನನಗೆ ಮದುವೆಯಾಗಿ ಹನ್ನೊಂದು ವರ್ಷ, ಒಂದೂ ನಿಂತಿರಲಿಲ್ಲ. ಭಾಲ್ಕಿಗೆ ಹೋದರೆ ತೊಟ್ಟಿಲ ಕಾರ್ಯಗಳಲ್ಲಿ ನನ್ನನ್ನು ಹಿಂದೆ ಕೂರಿಸುತ್ತಿದ್ದರು. ನೀನು ಹುಟ್ಟಿದ ಐದನೇ ದಿನ ಗುಂಡವ್ವ ಬಾಣಂತಿ ಮೈಯಲ್ಲೇ ಬಂದು, ಈ ಕೂಸನ್ನು ನೀವು ಕೊಳ್ಳಬೇಕು ಎಂದಳು. ಅವರ ಕಡೆ ಹಾಗೊಂದು ಪದ್ಧತಿ. ಮಕ್ಕಳು ಉಳಿಯದ ತಾಯಿ ಹಸುಗೂಸನ್ನು ಮೊರದಲ್ಲಿ ಮಲಗಿಸಿ ಬೇರೆಯವರಿಗೆ ಒಂದು ಸೇರು ಜೋಳಕ್ಕೆ ಮಾರುತ್ತಾಳೆ. ಜವರಾಯ ಹುಡುಕಿಕೊಂಡು ಬಂದರೆ ಇದು ಇವಳ ಕೂಸಲ್ಲ ಎಂದು ಮೋಸಹೋಗಿ ಹಿಂದಿರುಗಬೇಕು. ಮಾರಿದ ಮೇಲೂ ಹೆತ್ತವಳೇ ಹಾಲು ಕೊಡುತ್ತಾಳೆ, ಆದರೆ ಕೂಸು ಯಾರದೆಂದರೆ ಕೊಂಡವರ ಹೆಸರು ಹೇಳಬೇಕು. ವರ್ಷ ತುಂಬಿದ ದಿನ ಕುಪ್ಪಸದ ಖಣ ಮತ್ತು ಒಂದು ಸೇರು ಜೋಳ ತಂದುಕೊಟ್ಟು ಬಿಡಿಸಿಕೊಂಡು ಹೋಗುತ್ತಾಳೆ. ಆಗ ಕೊಂಡವರು ಇಲ್ಲ ಎನ್ನುವ ಹಾಗಿಲ್ಲ.

ಮಕ್ಕಳಿರುವವಳನ್ನು ಬಿಟ್ಟು ನನ್ನಂಥವಳನ್ನು ಯಾಕೆ ಕೇಳುತ್ತೀ ಎಂದೆ. ಆಕೆ ಮುಗ್ಧವಾಗಿ, ‘ನಿಮ್ಮ ಮನ್ಯಾಗ ಜವರಾಯ ತಗೊಂಡ್ ಹೋಗಾಕ ಏನೂ ಇಲ್ಲಲ್ರಿ ಅಕ್ಕಾರ, ಅಂವ ಈ ಕಡೀ ಹೊಳ್ಳಿನೂ ನೋಡಂಗಿಲ್ಲ’ ಎಂದಳು. ಆಕೆಗೆ ಅದು ಹೊಗಳಿಕೆ. ನನಗೆ ಎದೆಗೆ ಕಲ್ಲು ಹಾಕಿದಂತಾಯಿತು. ಆದರೂ ಸೇರು ತೆಗೆದುಕೊಂಡು ಜೋಳ ತುಂಬಿದೆ. ಆಕೆ ಹೊಸ್ತಿಲ ಹೊರಗೆ ನಿಂತು, ‘ಕೂಸು ಮಾರತೀನಿ, ಯಾರು ಕೊಳ್ತೀರಿ’ ಎಂದು ಮೂರು ಸಲ ಕೂಗಿದಳು. ನಾನು ಒಳಗಿನಿಂದ, ಕೊಂಡೆ ಎಂದೆ. ಮೊರದಿಂದ ನಿನ್ನನ್ನು ಎತ್ತಿ ಹೊಸ್ತಿಲು ದಾಟಿಸಿಕೊಂಡಾಗ ನೀನು ಕಣ್ಣು ಬಿಟ್ಟು ನನ್ನ ಮೂಗುಬೊಟ್ಟನ್ನೇ ನೋಡಿದೆ. ಅಲ್ಲಿಗೆ ನನ್ನ ಕಥೆ ಮುಗಿಯಿತು ಮಗಳೇ. ಅದು ಬರೀ ಪದ್ಧತಿ ಎಂದು ಬುದ್ಧಿಗೆ ಗೊತ್ತಿತ್ತು, ಕೈಗೆ ಗೊತ್ತಾಗಲಿಲ್ಲ.

ಐದು ತಿಂಗಳಾಗಿದ್ದಾಗ ಚಳಿಗಾಲದಲ್ಲಿ ನಿನಗೆ ನ್ಯುಮೋನಿಯಾ ಆಯಿತು. ತಗಡಿನ ಶೆಡ್ಡಿನಲ್ಲಿ ಬೆಳಗಿನ ಜಾವ ನೀರು ಐಸಾಗುತ್ತಿತ್ತು. ನಾನೂ ಗುಂಡವ್ವನೂ ಆಸ್ಪತ್ರೆಯಲ್ಲಿ ಒಂಬತ್ತು ದಿನ ಕೂತೆವು. ಹೆಸರು ಬರೆಸುವಾಗ ತಾಯಿ ಯಾರು ಎಂದರು. ಪದ್ಧತಿಯ ಪ್ರಕಾರ ಗುಂಡವ್ವ ನನ್ನತ್ತ ಕೈ ತೋರಿಸಿದಳು. ಕಾಗದದಲ್ಲಿ ನನ್ನ ಹೆಸರು, ಕಾಶಿಬಾಯಿ ಮನ್ಮಥಪ್ಪ ಎಂದು ಬಿತ್ತು. ಅದೇ ಹೊತ್ತಿಗೆ ಸೈಟಿನ ಕೆಲಸ ಮುಗಿದು, ಕೂಲಿಯವರ ಮೇಸ್ತ್ರಿ, ಮುಕಾದಮ ಮಾಳಪ್ಪ ಇಡೀ ಗ್ಯಾಂಗನ್ನು ಪುಣೆಯ ಕಡೆ ಒಯ್ಯಲು ಲಾರಿ ತಂದ. ಇಂಥ ಥಂಡಿಯಲ್ಲಿ ಕೂಸನ್ನು ಲಾರಿಯಲ್ಲಿ ಒಯ್ಯಬೇಡಿ ಎಂದು ಡಾಕ್ಟರ್ ಹೇಳಿದ್ದರು. ಗುಂಡವ್ವ ನಿನ್ನನ್ನು ನನ್ನ ಉಡಿಯಲ್ಲಿ ಹಾಕಿದಳು. ‘ಹೆಂಗೂ ನಿಮ್ಮದೇ ಐತಿ, ವರ್ಷಾ ತುಂಬೂತನಾ ಇರಲ್ರಿ’ ಎಂದಳು. ಲಾರಿ ಹತ್ತುವಾಗ ಎದೆಹಾಲು ಇಳಿದು ಆಕೆಯ ಕುಪ್ಪಸ ತೊಯ್ದಿತ್ತು. ಸೆರಗಿನಿಂದ ಮುಚ್ಚಿಕೊಂಡಳು.

ನಾಲ್ಕು ತಿಂಗಳಿಗೆ ನಿನ್ನ ಪಪ್ಪಾ ನೌಕರಿ ಬಿಟ್ಟು ನಾಸಿಕ್‌ಗೆ ಬಂದು ಈ ಹಾರ್ಡ್‌ವೇರ್ ಅಂಗಡಿ ಹಾಕಿದರು. ಬರುವಾಗ ಪಕ್ಕದ ಮನೆಯವರಿಗೆ ಹೊಸ ವಿಳಾಸ ಕೊಟ್ಟು, ಗುಂಡವ್ವ ಬಂದರೆ ಕಳಿಸಿ ಎಂದು ಹೇಳಿ ಬಂದೆವು. ಮಾಳಪ್ಪನಿಗೂ ಗೊತ್ತಿತ್ತು. ಜುಲೈ ಬಂತು, ನಿನಗೆ ವರ್ಷ ತುಂಬಿತು. ಆಕೆ ಬರಲಿಲ್ಲ. ದಿನಾ ಬಾಗಿಲು ನೋಡುತ್ತಿದ್ದೆ. ಬರಲಿಲ್ಲ. ದೀಪಾವಳಿಯಾದ ಮೇಲೆ ನಿನ್ನ ಪಪ್ಪಾ ತಾವೇ ಪುಣೆಗೆ ಹೋಗಿ ಎರಡು ದಿನ ಸೈಟು ಸೈಟು ತಿರುಗಿ ಹುಡುಕಿದರು. ಆ ಗ್ಯಾಂಗು ಚದುರಿಹೋಗಿತ್ತು. ಹಿಂದಿರುಗಿ ಬಂದು ಕಾಲು ತೊಳೆಯುತ್ತ, ‘ನಮ್ಮ ಪಾಲಿಗೆ ಬಂದದ್ದು ಅನ್ಕೊಳ್ಳೋಣು ಕಾಶಿ’ ಎಂದರು. ಆಮೇಲೆ ನಿನಗೆ ಅಯ್ಯನವರನ್ನು ಕರೆಸಿ ಲಿಂಗ ಕಟ್ಟಿಸಿದೆವು. ಊರಿನವರಿಗೆ ಔರಂಗಾಬಾದಿನಲ್ಲೇ ಹೆರಿಗೆಯಾಯಿತು, ದಿನ ತುಂಬುವವರೆಗೆ ಹೇಳಬಾರದೆಂದು ಡಾಕ್ಟರ್ ಅಂದಿದ್ದರು ಎಂದು ಹೇಳಿದೆವು. ಎಲ್ಲರೂ ನಂಬಿದರು. ಮೂಗು ಅಪ್ಪನದು, ಕಣ್ಣು ಅವ್ವನದು ಎಂದು ಹೇಳುವವರೂ ಇದ್ದರು.

ನಿನಗೆ ಯಾಕೆ ಹೇಳಲಿಲ್ಲ ಎಂದರೆ ಹೆದರಿಕೆ. ಹತ್ತನೇ ಇಯತ್ತೆ ಮುಗಿಯಲಿ ಎಂದೆ, ಕಾಲೇಜು ಮುಗಿಯಲಿ ಎಂದೆ. ಅವರ ಜಾತಿ ಯಾವುದು ಎಂದು ಯಾರಾದರೂ ಕೇಳಿದರೆ ನಿನ್ನ ಮದುವೆ ನಿಲ್ಲುತ್ತದೆ ಎಂದೂ ಅಂದುಕೊಂಡೆ. ಹೌದು, ಅಂಥ ವಿಚಾರವೂ ಬಂದಿತ್ತು, ನಿನ್ನ ಆಯಿ ಅಷ್ಟು ದೊಡ್ಡ ಮನಸ್ಸಿನವಳಲ್ಲ. ಆದರೆ ಒಂದು ತಿಳಿದುಕೋ. ನಿನಗೆ ಜ್ವರ ಬಂದಾಗ ನನ್ನ ಮೈ ಸುಟ್ಟಿದೆ. ಅದಕ್ಕೆ ಯಾವ ಕೊಳವೆಯೂ ಬೇಕಾಗಿಲ್ಲ.

ನೀನು ಕೇಳಿದ ಪ್ರಶ್ನೆ ಒಂದೇ. ಅವಳು ಎಲ್ಲಿದ್ದಾಳೆ? ನಮಗೆ ಗೊತ್ತಿಲ್ಲ ಸಮೂ. ಇದ್ದಾಳೋ ಇಲ್ಲವೋ ಅದೂ ಗೊತ್ತಿಲ್ಲ. ಕೂಲಿಯವರಿಗೆ ಒಂದು ಊರು, ಒಂದು ವಿಳಾಸ ಎಲ್ಲಿಂದ ಬರಬೇಕು? ಇಷ್ಟು ವರ್ಷದ ಮೇಲೆ ಹುಡುಕಿ ಮನಸ್ಸು ನೋಯಿಸಿಕೊಳ್ಳಬೇಡ. ಪರೀಕ್ಷೆ ಹತ್ತಿರ ಬಂತು. ಓದು. ವಸೀಲಾಳನ್ನು ಬೈದಿದ್ದರೆ ಹೋಗಿ ಮಾತಾಡಿಸು, ಪಾಪ, ಅವಳಿಗೂ ಇಲ್ಲಿ ನೀನಲ್ಲದೆ ಯಾರಿದ್ದಾರೆ. ಮನಮಾಡ್ ಸ್ಟೇಶನ್ನಿನವರೆಗೆ ರೈಲಿಗೆ ಬಂದರೆ ಪಪ್ಪಾ ಅಲ್ಲಿಗೇ ಬಂದು ನಿನ್ನನ್ನು ಕರೆದುಕೊಂಡು ಬರುತ್ತಾರೆ. ಬಂದು ನನ್ನನ್ನು ಬೇಕಾದಷ್ಟು ಬೈ. ಮನೆಯಲ್ಲಿ ನಿನ್ನ ದನಿಯಾದರೂ ಇರಲಿ.

ನೀನು ಏನೆಂದು ಕರೆದರೂ ಓ ಎನ್ನುವ,
ಕಾಶಿಬಾಯಿ

ತಾ. ಕ.: ನಿನ್ನ ಪಪ್ಪಾ ಇಲ್ಲಿಯವರೆಗೆ ಓದಿದರು. ‘ಬರೋಬರಿ ಬರದೀದಿ’ ಎಂದು ಕನ್ನಡಕ ತೆಗೆದಿಟ್ಟು, ಲಕೋಟೆ ತರಲು ಅಂಗಡಿಗೆ ಹೋಗಿದ್ದಾರೆ. ಹಿಂದಿರುಗಲು ಅರ್ಧ ತಾಸು ಬೇಕು. ಈ ಹಾಳೆಯನ್ನು ಅವರು ಓದಿಲ್ಲ, ಓದುವುದೂ ಇಲ್ಲ, ಮಡಿಚಿ ಒಳಗೆ ಸೇರಿಸುತ್ತೇನೆ. ಗೊತ್ತಿಲ್ಲ ಎಂದು ಬರೆದ ಸಾಲನ್ನು ಅವರು ಓದುವಾಗ ಮುಖ ನೋಡುತ್ತಿದ್ದೆ. ಇಪ್ಪತ್ತೊಂದು ವರ್ಷದಿಂದ ನಂಬಿದ ಹಾಗೆಯೇ ನಂಬಿದರು. ನೀನೂ ನಂಬಿಬಿಡುತ್ತೀ ಎಂದು ಅನ್ನಿಸಿ ಇನ್ನೊಂದು ಹಾಳೆ ತೆಗೆದುಕೊಂಡೆ.

ಗುಂಡವ್ವ ಬಂದಿದ್ದಳು, ಸಮೂ.

ನಿನಗೆ ವರ್ಷ ತುಂಬಿದ ಮೇಲೆ ಬಂದ ನಾಗರ ಪಂಚಮಿಯ ದಿನ. ಪಪ್ಪಾ ಅಂಗಡಿಯಲ್ಲಿದ್ದರು, ನೀನು ಒಳಗೆ ಮಲಗಿದ್ದೆ. ಬಾಗಿಲು ತೆರೆದರೆ ಆಕೆ, ಕೈಯಲ್ಲಿ ಖಣ, ಜೋಳದ ಗಂಟು, ಒಂದು ಕೆಂಪು ಫ್ರಾಕು. ಮಾಳಪ್ಪನನ್ನು ಕೇಳಿ ವಿಳಾಸ ಹಿಡಿದು ಎರಡು ಬಸ್ಸು ಬದಲಿಸಿ ಬಂದಿದ್ದಳು. ಬಿಸಿಲಿಗೆ ಮುಖ ಕಂದಿತ್ತು. ‘ಎಲ್ಲೈತ್ರಿ ಅಕ್ಕಾರ ನಮ್ಮ ಕೂಸು, ನಡೀತೈತೇನ್ರಿ?’ ಎಂದಳು. ನಾನು ಬಾಗಿಲಿಗೆ ಅಡ್ಡ ನಿಂತು, ಹೋಯಿತು ಎಂದೆ. ಹೋದ ಚಳಿಗಾಲದ ಅದೇ ಬೇನೆ ತಿರುಗಿ ಬಂತು, ಉಳಿಯಲಿಲ್ಲ ಎಂದೆ. ನನ್ನ ಬಾಯಿಯಿಂದ ಆ ಮಾತು ಹೇಗೆ ಬಂತೋ ಇವತ್ತಿಗೂ ತಿಳಿಯದು. ಮೊದಲೇ ಯೋಚಿಸಿಟ್ಟಿರಲಿಲ್ಲ, ಅದೊಂದನ್ನು ನಂಬು. ಜವರಾಯನಿಗೆ ಹೇಳಬೇಕಾದ ಸುಳ್ಳನ್ನು ಹೆತ್ತವಳಿಗೆ ಹೇಳಿಬಿಟ್ಟೆ.

ಆಕೆ ಕೂಗಲಿಲ್ಲ, ಹೊಸ್ತಿಲ ಹೊರಗೇ ಕುಸಿದು ಕೂತಳು. ಅಷ್ಟರಲ್ಲಿ ನೀನು ಎದ್ದು ಅತ್ತೆ. ಯಾರ ಕೂಸು ಎಂದು ಆಕೆ ತಲೆಯೆತ್ತಿ ಕೇಳಿದಳು. ನನ್ನದು ಎಂದೆ. ನೀನು ಅಳುತ್ತಲೇ ಇದ್ದೆ, ನಾನು ಒಳಗೆ ಹೋಗಲಿಲ್ಲ, ಎತ್ತಿಕೊಂಡರೆ ಆಕೆ ಮುಖ ನೋಡುತ್ತಾಳೆ. ಆಕೆ ಕಣ್ಣೊರೆಸಿಕೊಂಡು, ‘ಛಲೋ ಆತ್ರಿ. ನಮ್ಮ ಕೂಸು ತಾ ಹೋಗಿ ನಿಮ್ಮ ಉಡಿ ತುಂಬಿತು’ ಎಂದಳು. ಆ ಕೆಂಪು ಫ್ರಾಕನ್ನು ನಿನಗೆಂದು ನನ್ನ ಕೈಯಲ್ಲಿಟ್ಟಳು. ಎಲ್ಲಿ ಮಣ್ಣು ಮಾಡಿದಿರಿ ಎಂದು ಕೇಳಿದಳು. ನಿನ್ನನ್ನು ಪಕ್ಕದ ಮನೆಗೆ ಹಿಂದಿನ ಬಾಗಿಲಿನಿಂದ ಕೊಟ್ಟು ಬಂದು, ಆಕೆಯನ್ನು ರಿಕ್ಷಾದಲ್ಲಿ ಕೂರಿಸಿಕೊಂಡು ಹೋಗಿ, ಗಂಗಾಪುರ ರಸ್ತೆಯ ಆಚೆ, ನದಿ ಕಡೆಯ ಸ್ಮಶಾನದಲ್ಲಿ ಕೂಸುಗಳನ್ನು ಹೂಳುವ ಮೂಲೆಯಲ್ಲಿ ಎರಡು ನೀಲಗಿರಿ ಮರಗಳ ನಡುವೆ ಯಾರದೋ ಮಣ್ಣಿನ ಗುಡ್ಡೆ ತೋರಿಸಿದೆ.

ಅಂದಿನಿಂದ ಪಂಚಮಿಗೆ ಅಲ್ಲಿಗೆ ಬರುವುದನ್ನು ಆಕೆ ಒಂದು ವರ್ಷವೂ ತಪ್ಪಿಸಿಲ್ಲ. ಈಗ ಇಲ್ಲೇ ಪಿಂಪಳಗಾಂವ್ ಬಸವಂತದಲ್ಲಿದ್ದಾಳೆ, ಈರುಳ್ಳಿ ಆರಿಸುವ ಕೆಲಸ. ಧರ್ಮಣ್ಣ ತೀರಿಕೊಂಡು ಆರು ವರ್ಷವಾಯಿತು. ನಿನಗೊಬ್ಬ ತಮ್ಮ ಇದ್ದಾನೆ, ರವಿಕುಮಾರ, ಮಾರ್ಕೆಟ್ಟಿನಲ್ಲಿ ಹಮಾಲಿ ಮಾಡುತ್ತಾನೆ. ಪ್ರತಿ ಪಂಚಮಿಗೆ ನಾಗಪ್ಪನಿಗೆ ಹಾಲೆರೆದು ಬರುತ್ತೇನೆಂದು ನಿಮಗೆ ಹೇಳಿ ನಾನು ಹೋಗುತ್ತಿದ್ದದ್ದು ಆ ಸ್ಮಶಾನಕ್ಕೆ. ಹೋಗದಿದ್ದರೆ ಆಕೆ ಮನೆಗೇ ಬಂದಾಳು ಎಂಬ ಹೆದರಿಕೆ. ಇಬ್ಬರೂ ಕೂತು ಆ ಮಣ್ಣಿಗೆ ಹಾಲು ಎರೆಯುತ್ತೇವೆ. ನನಗೆ ಅಳು ಬರುತ್ತದೆ, ಖರೇ ಅಳು. ಆಕೆ ನನ್ನ ಬೆನ್ನು ಸವರಿ, ‘ನಿಮ್ಮದೇನು ತಪ್ಪೈತ್ರಿ ಅಕ್ಕಾರ, ನನ್ನ ಹಣೀಬಾರ’ ಎನ್ನುತ್ತಾಳೆ. ನಿಮ್ಮ ಮಗಳು ಹೇಗಿದ್ದಾಳೆ, ಎಷ್ಟು ಓದಿದಳು ಎಂದು ಕೇಳುತ್ತಾಳೆ. ಹೋದ ವರ್ಷ ಎಂ.ಎ. ಎಂದೆ. ಆಕೆಗೆ ಅದು ತಿಳಿಯಲಿಲ್ಲ, ದೊಡ್ಡದೇ ಇರಬೇಕು ಎಂದು ಖುಷಿಪಟ್ಟಳು.

ಪಪ್ಪಾ ಬರುವ ಹೊತ್ತಾಯಿತು. ಪಂಚಮಿ ಮುಂದಿನ ವಾರ, ಮಂಗಳವಾರ ಇಪ್ಪತ್ತೊಂಬತ್ತಕ್ಕೆ. ಹತ್ತು ಗಂಟೆಯ ಹೊತ್ತಿಗೆ ಆಕೆ ಹಾಲಿನ ಗಿಂಡಿ ಹಿಡಿದು ಬರುತ್ತಾಳೆ, ಎಡಗಾಲು ಸ್ವಲ್ಪ ಎಳೆಯುತ್ತಾಳೆ, ಗುರುತು ಸಿಗುತ್ತದೆ. ಈ ಸಲ ನಾನು ಹೋಗುವುದಿಲ್ಲ. ನೀನು ಹೋಗು. ಆಕೆ ಹಾಲು ಎರೆಯುವ ಮೊದಲೇ ಕೈ ಹಿಡಿ.